ತತ್ತಿ ಮನೆಗೆ ಬರುವ ಮುಂಚೆ

ಈ ಸಲದ ಕ್ರಿಸ್ಮಸ್ ಸುಮ್ನೆ ಮನೆಯಲ್ಲೇ, ನಾವು ನಾವೇ ಮಾಡೋಣ ಅಂತ ಡಿಸೆಂಬರ್ ಶುರುವಾಗುವ ಮೊದಲೇ ತೀರ್ಮಾನ ಆಗಿತ್ತು. ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಧೂಳು ಬೇಡ, ಹೊಗೆ ಬೇಡ, ಒಲೆ ಮುಂದೆ ನಿಲ್ಲಬೇಡಿ, ಭಾರ ಎತ್ತಬೇಡಿ, ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಿಕೊಳ್ಳಿ ಅಂತ ಡಾಕ್ಟರು ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದರು. ಪ್ರತಿ ವರ್ಷ ಗದಗಿನ ಬೆಟಗೇರಿಯಿಂದ ಕಾಕಾನ ಮನೆಯವರು, ಧಾರವಾಡದಿಂದ ಅತ್ತಿ, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲರೂ ಹುಬ್ಬಳ್ಳಿಗೆ ನಮ್ಮ ಮನೆಗೇ ಬರುತ್ತಾರೆ. ಹಾಲ್ ತುಂಬ ಹಾಸಿಗೆ, ಬೆಳಗಾದರೆ ಬಚ್ಚಲಿಗೆ ಪಾಳಿ. ಈ ಸಲ ಅಪ್ಪನೇ ಎಲ್ಲರಿಗೂ ಫೋನ್ ಮಾಡಿದರು. "ಈಗ ಬ್ಯಾಡ್ರೋ, ಹೊಸಾ ವರ್ಷ ಆದ ಮ್ಯಾಲೆ ಬರ್ರಿ. ಆವಾಗ ಕಣ್ಣು ಚಲೋ ಕಾಣತಿರ್ತಾವು, ನಿಮ್ಮ ಮಾರೀನೂ ಸರಿಯಾಗಿ ನೋಡತೀನಿ" ಅಂದರು. ಅತ್ತಿಯವರಿಗೆ ಸ್ವಲ್ಪ ಸಿಟ್ಟು ಬಂತು, ಆದರೆ ಅವರೂ ಪೊರೆ ತೆಗೆಸಿಕೊಂಡವರೇ, ಜಾಸ್ತಿ ಮಾತಾಡಲಿಲ್ಲ.

ಉಳಿದವರು ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ಮಗಳು. ಮಗಳು ಹೋಗುವುದು ಮಿಷನ್ ಶಾಲೆಗೆ. ದಸರಾ ರಜೆಯಲ್ಲಿ ಒಂದಷ್ಟು ಕತ್ತರಿಸಿ ಅದನ್ನು ಕ್ರಿಸ್ಮಸ್‌ಗೆ ಕೊಡುತ್ತಾರೆ, ಹಾಗಾಗಿ ಅವಳು ಮನೆಯಲ್ಲೇ ಇದ್ದಳು. ನನಗೆ ರೈಲ್ವೆ ಕೆಲಸ, ಡಿಸೆಂಬರ್ ಕೊನೆಗೆ ರಜೆ ಕೇಳಿದರೆ ಸಾಹೇಬರ ಮುಖ ನೋಡುವ ಹಾಗಿರುವುದಿಲ್ಲ. ಅದಕ್ಕೇ ಅಕ್ಟೋಬರ್‌ನಲ್ಲೇ ಅರ್ಜಿ ಬರೆದು ಕೊಟ್ಟಿದ್ದೆ.

ಬರುವವರು ಇಲ್ಲ ಅಂದ ಮೇಲೆ ತಿಂಡಿ ಕೆಲಸವೂ ಕಡಿಮೆ ಅಂತ ನಾನು ಎಣಿಸಿದ್ದೆ. ಅವ್ವ ನಕ್ಕರು. "ಬರೂ ಮಂದಿ ತಿನ್ನೋದು ಎಷ್ಟು, ಓಣಿಗೆ ಹೋಗೋದು ಎಷ್ಟು, ಲೆಕ್ಕಾ ಹಾಕೀಯೇನು?" ಅಂದರು. ಹೌದು. ನಮ್ಮ ಮನೆಯಲ್ಲಿ ಮಾಡಿದ ತಿಂಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗೇ ಹೋಗುತ್ತದೆ. ಕೇಶ್ವಾಪುರದ ನಮ್ಮ ಓಣಿಯಲ್ಲಿ ಎಡಕ್ಕೆ ಲಿಂಗಾಯತರ ಮನೆ, ಎದುರಿಗೆ ಮುಸ್ಲಿಮರ ಮನೆ, ಅದರಾಚೆ ಕೊಂಕಣಿ ಮಾತಾಡುವ ಕ್ಯಾಥೊಲಿಕರು, ಮೂಲೆಯಲ್ಲಿ ಜೈನರು. ರಂಜಾನ್‌ಗೆ ಶೀರ್ ಖುರ್ಮಾ ಬರುತ್ತದೆ, ದೀಪಾವಳಿಗೆ ಫರಾಳದ ತಾಟು ಬರುತ್ತದೆ, ನಾಗರ ಪಂಚಮಿಗೆ ಉಂಡಿ ಬರುತ್ತವೆ. ಡಿಸೆಂಬರ್ ನಮ್ಮ ಪಾಳಿ.

ಇಲ್ಲೊಂದು ನೇಮ ಇದೆ. ಅಜ್ಜಿ ಹಾಕಿದ್ದು, ಅವ್ವ ನಡೆಸಿಕೊಂಡು ಬಂದದ್ದು. ಓಣಿಗೆ ಹೋಗುವ ತಿಂಡಿ ಎಲ್ಲ ಮುಗಿದು, ಡಬ್ಬಿಗೆ ಬಿದ್ದು, ಮುಚ್ಚಳ ಹಾಕಿ ಮೇಲಿಟ್ಟ ಮೇಲೆಯೇ ಮನೆಗೆ ತತ್ತಿ, ಅಂದರೆ ಮೊಟ್ಟೆ, ಬರಬೇಕು. ಕಡಾಯಿ ಬೇರೆ, ಝಾರಾ ಬೇರೆ, ಎಣ್ಣೆ ಹೊಸದು. ಪಕ್ಕದ ಮನೆಯ ಕಾಕು ಇಷ್ಟು ವರ್ಷದಲ್ಲಿ ಒಂದು ಸಲವೂ "ಇದರಾಗ ತತ್ತಿ ಐತೇನ್ರಿ?" ಅಂತ ಕೇಳಿದವರಲ್ಲ. ಅವರು ಕೇಳುವುದಿಲ್ಲ ಅಂತಲೇ ನಾವು ಇಷ್ಟು ನೋಡಿಕೊಳ್ಳುವುದು. ಹಾಗಾಗಿ ನಮ್ಮ ಕ್ರಿಸ್ಮಸ್ ಅಡುಗೆಯ ವೇಳಾಪಟ್ಟಿ ಹಾಕುವುದು ಒಂದು ಲೆಕ್ಕದಲ್ಲಿ ಪಕ್ಕದ ಮನೆಯವರೇ, ಅವರಿಗೇ ಗೊತ್ತಿಲ್ಲದ ಹಾಗೆ.

ಈ ಸಲ ಎಳ್ಳು ಅಮಾವಾಸ್ಯೆ 19ಕ್ಕೇ ಬಂತು, ಕ್ರಿಸ್ಮಸ್‌ಗಿಂತ ಮುಂಚೆ. ಕಾಕು ಅವರ ಹೊಲ ಕುಂದಗೋಳದ ಕಡೆ ಇದೆ. ಚರಗ ಚೆಲ್ಲಿ, ಅಂದರೆ ಹೊಲಕ್ಕೆ ನೈವೇದ್ಯ ಹಾಕಿ, ಬಂದವರು ಸಂಜೆಗೆ ನಮಗೆ ದೊಡ್ಡ ತಾಟು ತಂದುಕೊಟ್ಟರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರು, ಅಗಸಿ ಚಟ್ನಿ. ತಾಟು ಖಾಲಿ ಕೊಡುವ ಹಾಗಿಲ್ಲ, ಅಲ್ವಾ. ಅವ್ವ ಅದನ್ನು ತೊಳೆದು, ಒರೆಸಿ, ದೇವರ ವಾಕ್ಯದ ಕ್ಯಾಲೆಂಡರ್ ಕೆಳಗೆ ಮೇಜಿನ ಮೇಲೆ ನಿಲ್ಲಿಸಿಟ್ಟರು. ಹೋಗುತ್ತಾ ಬರುತ್ತಾ ಅದು ಕಣ್ಣಿಗೆ ಬೀಳುತ್ತಿತ್ತು. ಸಾಲದ ಚೀಟಿ ಅದು.

ಮರುದಿನವೇ ದುರ್ಗದ ಬೈಲ್ ಮಾರ್ಕೆಟ್‌ಗೆ ಹೋದೆ. ಡಿಸೆಂಬರ್‌ನಲ್ಲಿ ಅಲ್ಲಿ ಓಡಾಡೋದು ಚೆನ್ನ, ಬಿಸಿಲು ಚುಚ್ಚುವುದಿಲ್ಲ. ತಿಪಟೂರು ಕೊಬ್ಬರಿ, ಪುಟಾಣಿ (ಹುರಿಗಡಲೆ), ಗಸಗಸೆ, ಏಲಕ್ಕಿ, ಚಿರೋಟಿ ರವೆ, ಮೈದಾ, ಶೇಂಗಾ ಎಣ್ಣೆ, ವಿಜಯಪುರದ ಒಣದ್ರಾಕ್ಷಿ. ಗಸಗಸೆಯ ರೇಟು ಕೇಳಿ ಅರ್ಧಕ್ಕೆ ಇಳಿಸಿದೆ. ಕೊಬ್ಬರಿಯನ್ನು ಮಾತ್ರ ಒಡೆಸಿ, ಮೂಸಿ ನೋಡಿಯೇ ತಗೋಬೇಕು. ಒಂದು ಬಟ್ಟಲು ಮುಗ್ಗಲು ಬಂದಿದ್ದರೆ ಇಡೀ ಹೂರಣ ಕೆಟ್ಟಿತು ಅಂತಲೇ. ಅಂಗಡಿಯವ ಗುರುತಿನವ, ಅಪ್ಪನ ಕಣ್ಣು ಹೇಗಿದೆ ಅಂತ ಕೇಳಿ ಒಂದು ಮುಷ್ಟಿ ದ್ರಾಕ್ಷಿ ಮೇಲೆ ಹಾಕಿದ. ಬರುವಾಗ ಸ್ಟೇಷನ್ ರಸ್ತೆಯಲ್ಲಿ ಎಲ್ಲ ಬೇಕರಿ ಮುಂದೆ ಪ್ಲಮ್ ಕೇಕಿನ ಬೋರ್ಡು, ಕೆಂಪು ರಿಬ್ಬನ್ ಕಟ್ಟಿದ ಡಬ್ಬಿಗಳ ರಾಶಿ.

ಈ ಪ್ಲಮ್ ಕೇಕ್ ಬಗ್ಗೆ ನನಗೆ ಒಂದು ತಕರಾರು ಇದೆ. ತಿನ್ನೋಕೆ ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಆಫೀಸಿನಲ್ಲಿ ಯಾರನ್ನು ಕೇಳಿದರೂ ಕ್ರಿಸ್ಮಸ್ ಅಂದರೆ ಕೇಕ್ ಅಂದುಕೊಂಡಿದ್ದಾರೆ. ನಮ್ಮ ಕಡೆಯ ಹಳೆಯ ಕ್ರೈಸ್ತ ಮನೆಗಳಲ್ಲಿ ಹಬ್ಬ ಅಂದರೆ ಕರ್ಚಿಕಾಯಿ, ಚಕ್ಕುಲಿ, ಶಂಕರಪೋಳಿ, ನಾನ್‌ಖಟಾಯಿ. ಸ್ವಿಟ್ಜರ್‌ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್‌ನವರು, ಹೆಚ್ಚಿನವರು ಜರ್ಮನರೇ, 1834ರಲ್ಲಿ ಮಂಗಳೂರಿಗೆ ಬಂದು, 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿಗೆ ಬಂದು ನೆಲೆ ಮಾಡಿದರು. ನಮ್ಮ ಅಜ್ಜನ ಮನೆತನ ಆ ಬೆಟಗೇರಿಯದು. ಹಾಡಿನ ಧಾಟಿ ಜರ್ಮನಿಯಿಂದ ಬಂತು, ಮರಕ್ಕೆ ದೀಪ ಕಟ್ಟೋದು ಅವರಿಂದ ಬಂತು, ಕಡಾಯಿ ಮಾತ್ರ ನಮ್ಮದೇ ಇತ್ತು. ಮನೆಯಲ್ಲಿ ಓವನ್ ಯಾರ ಹತ್ತಿರ ಇತ್ತು ಆಗ? ಅಪ್ಪ ಚಿಕ್ಕವರಿದ್ದಾಗ ಕೇಕ್ ಅನ್ನುವುದನ್ನು ಕಂಡಿದ್ದೇ ಮಿಷನ್ ಬಂಗಲೆಯಲ್ಲಂತೆ, ಅದೂ ಮಕ್ಕಳಿಗೆ ಬೆರಳಷ್ಟು ಅಗಲದ ಒಂದು ತುಂಡು.

ಸರಿ, ಕರ್ಚಿಕಾಯಿಗೆ ಬರೋಣ.

ಹೂರಣ ಹಿಂದಿನ ರಾತ್ರಿಯೇ ಆಗಬೇಕು. ಅರ್ಧ ಕಿಲೋ ಕೊಬ್ಬರಿ ತುರಿದದ್ದು ನಾನು. ಅದನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಬೇಕು ಅಷ್ಟೇ, ಬಣ್ಣ ತಿರುಗಬಾರದು. ಪಾವ್ ಕಿಲೋ ಪುಟಾಣಿ ಪುಡಿ, ಅರ್ಧ ಕಿಲೋ ಬೀಸಿದ ಸಕ್ಕರೆ, ಹುರಿದ ಎಳ್ಳು, ಗಸಗಸೆ, ಏಲಕ್ಕಿ. ಏಲಕ್ಕಿ ಬಿಡಿಸುವ ಕೆಲಸ ಅಪ್ಪನಿಗೆ ಕೊಟ್ಟೆವು. ಕಪ್ಪು ಕನ್ನಡಕ ಹಾಕಿಕೊಂಡು ಹಾಲ್‌ನಲ್ಲಿ ಕುಳಿತು ಬೆರಳಲ್ಲೇ ಮುಟ್ಟಿ ಮುಟ್ಟಿ ಸಿಪ್ಪೆ ಬೇರೆ ಕಾಳು ಬೇರೆ ಮಾಡಿದರು. ಒಂದು ಸಿಪ್ಪೆ ಕಾಳಿನಲ್ಲಿ ಸೇರಿರಲಿಲ್ಲ, ಅವ್ವ ಚೆಕ್ ಮಾಡಿ ನೋಡಿದರು, ಅವರಿಗೆ ಅಲ್ಲಿಯೂ ಒಂದು ತಪ್ಪು ಸಿಕ್ಕಿದ್ದರೆ ಸಮಾಧಾನ ಆಗುತ್ತಿತ್ತು.

ಕಣಕಕ್ಕೆ ಒಂದು ಕಿಲೋ ಮೈದಾಕ್ಕೆ ಪಾವ್ ಕಿಲೋ ಚಿರೋಟಿ ರವೆ, ಚಿಟಿಕೆ ಉಪ್ಪು, ಮೇಲೆ ಚೆನ್ನಾಗಿ ಕಾದ ಎಣ್ಣೆ. ಎಣ್ಣೆ ಹಾಕಿದಾಗ ಚುಂಯ್ ಅನ್ನಬೇಕು. ಅದನ್ನು ಹಿಟ್ಟಿಗೆಲ್ಲ ತಿಕ್ಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಂತಾದ ಮೇಲೆ ನೀರು, ಸ್ವಲ್ಪ ಸ್ವಲ್ಪವೇ. ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಬಿಡಬೇಕು. ಆಮೇಲೆ ಕುಟ್ಟುವ ಕೆಲಸ. ರವೆ ನೆನೆದು ಮೆತ್ತಗಾಗುವ ತನಕ ಒರಳಿನಲ್ಲಿ ಹಾಕಿ ಕುಟ್ಟಬೇಕು. ಪ್ರತಿ ವರ್ಷ ಇದು ಅಪ್ಪನ ಪಾಲು. ಈ ಸಲ ನನ್ನ ಪಾಲಿಗೆ ಬಂತು. ಅಪ್ಪ ಹಾಲ್‌ನಿಂದಲೇ ಸಪ್ಪಳ ಕೇಳಿ "ಇನ್ನೂ ಆಗಿಲ್ಲ, ಕುಟ್ಟು" ಅನ್ನುತ್ತಿದ್ದರು. ಸಪ್ಪಳದಲ್ಲಿ ಏನು ಗೊತ್ತಾಗುತ್ತೆ ಅಂತ ಕೇಳಿದೆ. ಹಸಿ ಕಣಕ ದಬ್ ಅನ್ನುತ್ತದೆ, ಆದದ್ದು ಚಪ್ ಅನ್ನುತ್ತದೆ ಅಂದರು. ನಿಜವೇ, ಸ್ವಲ್ಪ ಹೊತ್ತಿಗೆ ದನಿ ಬದಲಾಯಿತು.

ಲಟ್ಟಿಸೋದು ಹೆಂಡತಿ, ತುಂಬಿ ಮಡಚೋದು ಅವ್ವ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಅಚ್ಚು ನಮ್ಮ ಮನೆಯೊಳಗೆ ಬಂದಿಲ್ಲ, ಬರುವುದೂ ಇಲ್ಲ. ಪೂರಿಯನ್ನು ಎಡ ಅಂಗೈ ಮೇಲೆ ಹಾಕಿಕೊಂಡು, ಒಂದೂವರೆ ಚಮಚ ಹೂರಣ ಇಟ್ಟು, ಅಂಚಿಗೆ ಹಾಲು ಸವರಿ, ಮಡಚಿ ಒತ್ತಿ, ಆಮೇಲೆ ಒಂದು ತುದಿಯಿಂದ ಬೆರಳಲ್ಲಿ ಮುರಿಮುರಿದು ಹೆಣೆಯುತ್ತಾ ಹೋಗುತ್ತಾರೆ. ಅವ್ವನ ಬೆರಳು ನೋಡಿದರೆ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ, ಆ ತುದಿ ಮುಟ್ಟುವಾಗ ಹಗ್ಗ ಹೊಸೆದಂಥ ಅಂಚು ಆಗಿರುತ್ತದೆ. ಮಗಳಿಗೆ ಹಿತ್ತಾಳೆ ಗಾಲಿ ಕೊಟ್ಟಿದ್ದೆವು. ಅವಳ ಕರ್ಚಿಕಾಯಿಗೆ ಹಲ್ಲು ಹಲ್ಲಿನ ಅಂಚು. ಅಂಚಿನಲ್ಲಿ ಒಂದು ಚೂರು ಹೂರಣದ ಪುಡಿ ಇದ್ದರೂ ಅದು ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಬಿಟ್ಟರೆ ಸಕ್ಕರೆ ಎಣ್ಣೆಗಿಳಿದು ಸುಟ್ಟು ಕಪ್ಪಾಗಿ, ಮುಂದಿನ ಘಾಣಕ್ಕೆಲ್ಲ ಕಪ್ಪು ಚುಕ್ಕೆ. ಹಾಗೆ ಒಂದು ಬಿಟ್ಟೂ ಬಿಟ್ಟಿತು. ಒಲೆ ಆರಿಸಿ, ಎಣ್ಣೆ ಸೋಸಿ, ಮತ್ತೆ ಹಚ್ಚಿದೆವು.

ಉರಿ ಮಧ್ಯಮಕ್ಕಿಂತ ಕೆಳಗೆ. ದೊಡ್ಡ ಉರಿಯಲ್ಲಿ ಕರಿದರೆ ಮೈ ತುಂಬ ಗುಳ್ಳೆ ಬಂದು, ಬೇಗ ಕೆಂಪಾಗಿ, ಮರುದಿನಕ್ಕೆ ಮೆತ್ತಗಾಗುತ್ತದೆ. ನಿಧಾನಕ್ಕೆ ಕರಿದದ್ದು ತಿಂಗಳಿಟ್ಟರೂ ಗರಿಗರಿ. ನೋಡೋಕೆ ಕೆಂಪಗೆ ಇರಬಾರದು, ಸ್ವಲ್ಪ ಬೆಳ್ಳಗೇ ಇರಬೇಕು. ಇದನ್ನು ಹೆಂಡತಿಗೆ ಅವ್ವ ಮದುವೆಯಾದ ವರ್ಷ ಹೇಳಿಕೊಟ್ಟದ್ದು, ಈಗ ಅವಳೇ ನನಗೆ ಹೇಳುತ್ತಿದ್ದಳು.

ಚಕ್ಕುಲಿ, ಅವಲಕ್ಕಿ ಚೂಡಾ ಅದೇ ಎಣ್ಣೆಯಲ್ಲಿ ಮುಗಿದವು. ಅದರ ಬಗ್ಗೆ ಹೇಳೋದೇನಿಲ್ಲ, ಎಲ್ಲರ ಮನೆಯಲ್ಲೂ ಅದೇ.

ಹೆಂಡತಿಯ ಊರು ಉಡುಪಿ ಕಡೆ. ಅವರೂ ನಮ್ಮ ಹಾಗೆ ಬಾಸೆಲ್ ಮಿಷನ್ ಸಭೆಯವರೇ, ಆದರೆ ತಿಂಡಿ ಬಂದರೆ ಬೇರೆ ದೇಶ. ಅಲ್ಲಿ ಎಲ್ಲದಕ್ಕೂ ತೆಂಗಿನ ಹಾಲು. ಅವಳಿಗೆ ಗುಲಾಬಿ ಹೂವಿನ ಅಚ್ಚಪ್ಪ ಇಲ್ಲದಿದ್ದರೆ ಹಬ್ಬ ಅನ್ನಿಸುವುದಿಲ್ಲ. ಅಚ್ಚು ಅವಳ ಅಜ್ಜಿಯದು, ಕಬ್ಬಿಣದ್ದು, ಉದ್ದ ಹಿಡಿಕೆ, ವರ್ಷವಿಡೀ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾಳೆ. ತೊಂದರೆ ಏನಂದರೆ ಅವರ ಮನೆಯ ಹಿಟ್ಟಿಗೆ ತತ್ತಿ ಬೇಕು. ಹಾಗಾಗಿ ಇಷ್ಟು ವರ್ಷ ಅಚ್ಚಪ್ಪ ಕೊನೆಗೆ ಆಗುತ್ತಿತ್ತು, ಪಕ್ಕದ ಮನೆಗೆ ಹೋಗುತ್ತಲೇ ಇರಲಿಲ್ಲ. ಮೊನ್ನೆ ಅವ್ವ ಕೇಳಿಯೇ ಬಿಟ್ಟರು.

"ಅಲ್ಲವ್ವಾ, ತತ್ತಿ ಇಲ್ಲದ ಇದು ಆಗೂದೇ ಇಲ್ಲೇನು? ಅಕ್ಕಾರ ಮನಿಗೆ ಚಂದನ್ನ ಹೂವು ಹೋಗಲಿ ಅಂತ."

"ಆಗ್ಬಹುದು ಅತ್ತೆ, ಹಾಲು ದಪ್ಪ ಹಾಕಿದ್ರೆ ಆಗ್ಬಹುದು. ನೋಡುವ."

ಎರಡು ಬಟ್ಟಲು ಅಕ್ಕಿ ಹಿಟ್ಟು, ಒಂದು ಬಟ್ಟಲು ಮೈದಾ, ಬೀಸಿದ ಸಕ್ಕರೆ, ಉಪ್ಪು, ಕರಿ ಎಳ್ಳು, ತೆಂಗಿನ ಮೊದಲ ಹಾಲು. ದೋಸೆ ಹಿಟ್ಟಿಗಿಂತ ತೆಳ್ಳಗೆ. ಸಕ್ಕರೆ ಜಾಸ್ತಿ ಆದರೆ ಅಚ್ಚು ಕಚ್ಚಿಕೊಂಡು ಬಿಡುವುದೇ ಇಲ್ಲ, ಅದಕ್ಕೆ ಅವಳು ಸಕ್ಕರೆಯನ್ನು ಇಷ್ಟಿಷ್ಟೇ ಹಾಕಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಎಣ್ಣೆ ಕಾಯುವಾಗಲೇ ಅಚ್ಚನ್ನು ಅದರೊಳಗೆ ಇಡಬೇಕು. ಕಾದ ಅಚ್ಚು ತೆಗೆದು, ಒಂದು ಕ್ಷಣ ಎಣ್ಣೆ ಸೋರಲು ಬಿಟ್ಟು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಅದ್ದಬೇಕು. ಮೇಲಿನ ಅಂಚು ಮುಳುಗಿತೋ, ಹಿಟ್ಟು ಅಚ್ಚಿನ ತಲೆ ಮೇಲೆ ಮುಚ್ಚಿಕೊಂಡು ಹೂವು ಬಿಡುವುದೇ ಇಲ್ಲ. ಅಚ್ಚು ತಣ್ಣಗಿದ್ದರೆ ಹಿಟ್ಟು ಅಂಟುವುದಿಲ್ಲ. ವಿಪರೀತ ಕಾದಿದ್ದರೆ ಹಿಟ್ಟು ಪಾತ್ರೆಯಲ್ಲೇ ಬೆಂದು ಅಲ್ಲೇ ಉದುರಿಬಿಡುತ್ತದೆ. ಮೊದಲಿನವು ಎಲ್ಲರಿಗೂ ಕೆಡುತ್ತವೆ, ಅವು ಮಕ್ಕಳಿಗೆ. ಮಗಳು ಆ ಚೂರುಗಳಿಗೆ ಅಂತಲೇ ಬಟ್ಟಲು ಹಿಡಿದು ನಿಂತಿದ್ದಳು.

ಆಮೇಲೆ ಕೈಗೆ ಹದ ಸಿಕ್ಕಿತು. ಎಣ್ಣೆಯಲ್ಲಿ ಅಚ್ಚು ಇಳಿಸಿ, ಒಂದು ನಾಲ್ಕೈದು ಉಸಿರು ಬಿಟ್ಟು, ಮೆಲ್ಲಗೆ ಅಲ್ಲಾಡಿಸಿದರೆ ಹೂವು ತಾನೇ ಜಾರಿ ಎಣ್ಣೆಯಲ್ಲಿ ತೇಲುತ್ತದೆ. ಅಂಚು ಮೊದಲು ಕಂದು, ನಡುವೆ ಆಮೇಲೆ. ತೆಗೆದು ಬೋರಲು ಹಾಕಿದರೆ ತಣ್ಣಗಾದ ಮೇಲೆ ಗಾಜಿನ ಹಾಗೆ ಸಪ್ಪಳ. ತತ್ತಿ ಇಲ್ಲದ್ದಕ್ಕೆ ಸ್ವಲ್ಪ ಗಟ್ಟಿ, ಇದ್ದದ್ದು ಇನ್ನೂ ಹಗುರ, ಇದು ನನ್ನ ಅಭಿಪ್ರಾಯ. ಹೆಂಡತಿಗೆ ಒಪ್ಪಿಗೆಯಿಲ್ಲ. "ಸುಮ್ನಿರಿ ಮಾರಾಯ್ರೆ, ಒಂದೇ ಉಂಟು ಎರಡೂ" ಅಂದಳು. ಕ್ಯಾಥೊಲಿಕರ ಮನೆಯಿಂದ ಬರುವ ಕುಸ್ವಾರ್, ಅಂದರೆ ಅವರ ಕ್ರಿಸ್ಮಸ್ ತಿಂಡಿಗಳ ತಟ್ಟೆಯಲ್ಲೂ ಇದೇ ಹೂವು ಇರುತ್ತದೆ, ನೆವ್ರಿ ಇರುತ್ತದೆ, ಕಿಡ್ಯೋ ಇರುತ್ತದೆ. ನೆವ್ರಿಯೂ ಕರ್ಚಿಕಾಯಿಯೂ ಅಕ್ಕ ತಂಗಿ. ಯಾರದ್ದು ಗರಿಗರಿ ಅಂತ ಎರಡೂ ಮನೆಯವರು ಒಳಗೊಳಗೇ ನೋಡಿಕೊಳ್ಳುತ್ತೇವೆ, ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ.

ನಾನ್‌ಖಟಾಯಿ ಮನೆಯಲ್ಲಿ ಆಗುವಂಥದ್ದಲ್ಲ. ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್‌ನಲ್ಲಿ ಮಾಡಬಹುದು, ಮಾಡಿದವರ ಮನೆಯಲ್ಲಿ ತಿಂದೂ ಇದ್ದೇನೆ, ಭಟ್ಟಿಯ ರುಚಿ ಬರುವುದಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ಇನ್ನೂ ಕಟ್ಟಿಗೆ ಹಾಕಿ ಉರಿಸುವ ಒಂದು ಭಟ್ಟಿ ಇದೆ. ಹಬ್ಬದ ದಿನಗಳಲ್ಲಿ ಸಾಮಾನು ತಗೊಂಡು ಹೋದರೆ ಕಿಲೋಗೆ ಇಷ್ಟು ಅಂತ ಕೂಲಿ ತಗೊಂಡು ಬೇಯಿಸಿಕೊಡುತ್ತಾರೆ. ಅಲ್ಲಿಯೇ ಕಲಸಿಯೂ ಕೊಡುತ್ತಾರೆ, ಆದರೆ ಅವರ ಮೇಜಿನ ಮೇಲೆ ದಿನಾ ತತ್ತಿಯ ಕೆಲಸ ನಡೆಯುತ್ತದೆ. ಅದಕ್ಕೆ ಅವ್ವ ಮನೆಯಲ್ಲೇ ಕಲಸಿ, ಉಂಡಿ ಮಾಡಿ, ನಮ್ಮದೇ ತಗಡಿನ ಟ್ರೇಗಳಲ್ಲಿ ಹೊಂದಿಸಿ ಕಳಿಸುತ್ತಾರೆ. ತುಪ್ಪ ಮತ್ತು ಬೀಸಿದ ಸಕ್ಕರೆಯನ್ನು ಪರಾತದಲ್ಲಿ ಹಾಕಿ ಅಂಗೈಯಲ್ಲಿ ತಿಕ್ಕುತ್ತಾ ಕೂರಬೇಕು. ಬೆಳ್ಳಗೆ ಹೂವಿನ ಹಾಗಾಗುವ ತನಕ. ಆಮೇಲೆ ಮೈದಾ, ಒಂದಿಷ್ಟು ಕಡಲೆ ಹಿಟ್ಟು, ರವೆ, ಚಿಟಿಕೆ ಸೋಡಾ, ಏಲಕ್ಕಿ. ನೀರು ಒಂದು ಹನಿಯೂ ಇಲ್ಲ. ಭಟ್ಟಿಗೇ ತತ್ತಿ ಸೋಕಿರುತ್ತಲ್ಲ ಅಂತ ಮಗಳು ವಕೀಲಿ ಮಾಡಿದಳು. "ಬೆಂಕಿಗೆ ಯಾವ ಮೈಲಿಗಿ ಇಲ್ಲವಾ" ಅಂದರು ಅಪ್ಪ, ಕೇಸು ಮುಗಿಯಿತು.

ಭಟ್ಟಿಗೆ ಹೋಗುವುದು ಮಧ್ಯಾಹ್ನದ ಮೇಲೆ. ನಸುಕಿನಲ್ಲಿ ಕಟ್ಟಿಗೆ ಹಾಕಿ ಒಲೆ ಕಾಯಿಸಿ, ಕೆಂಡ ಬಾಚಿ, ಮೊದಲ ಕಾವಿಗೆ ಪಾವು, ಬ್ರೆಡ್ಡು ಹಾಕುತ್ತಾರೆ. ಅವು ಹೊರಬಂದು, ಕಾವು ಇಳಿದ ಮೇಲೆ ಬಿಸ್ಕತ್ತಿನ ಪಾಳಿ. ಬ್ರೆಡ್ಡಿನ ಕಾವಿಗೆ ನಾನ್‌ಖಟಾಯಿ ಹಾಕಿದರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಇಳಿಗಾವಿನಲ್ಲಿ ನಿಧಾನಕ್ಕೆ ಬೆಂದರೆ ಮೈ ಒಡೆದು ಬಿರುಕು ಬಿಡುತ್ತದೆ, ಆ ಬಿರುಕೇ ಅದರ ಚಂದ. ಈ ಸಲ ಅಪ್ಪ ಇಲ್ಲದೆ ನಾನು, ಮಗಳು ಹೋದೆವು. ಸ್ಕೂಟರ್ ಮೇಲೆ ಟ್ರೇ ಹೇಗೆ ತಗೊಂಡು ಹೋಗೋದು, ಆಟೋ ಮಾಡಿದೆವು.

ಭಟ್ಟಿಯ ಚಾಚಾ ನನ್ನನ್ನು ನೋಡಿ ನನ್ನ ಹಿಂದೆ ನೋಡಿದರು. "ಅಪ್ಪಾರು ಎಲ್ಲೆ?"

ಕಣ್ಣಿನ ವಿಷಯ ಹೇಳಿದೆ.

"ಅಯ್ಯ, ಅವರಿಲ್ಲಂದ್ರ ನಮಗ ಬೈಯವರು ಯಾರು? ಕುಂಡ್ರು, ಚಾ ಕುಡಿ."

ನಮ್ಮ ಮುಂದೆ ಇನ್ನೂ ಬೇರೆ ಮನೆಯವರ ಡಬ್ಬಿಗಳಿದ್ದವು. ಒಂದೊಂದಕ್ಕೂ ಚೀಟಿ. ಹೆಸರು ಬರೆದವರು ಕೆಲವರು, ಗುರುತಿಗೆ ಕೆಂಪು ದಾರ ಕಟ್ಟಿದವರು ಕೆಲವರು. ಒಳಗೆ ಕತ್ತಲು, ಭಟ್ಟಿಯ ಬಾಯಿ ಮಾತ್ರ ಕೆಂಪು. ಹುಡುಗ ಒಬ್ಬ ಉದ್ದನೆ ಕೋಲಿನ ಹಲಗೆ ಮೇಲೆ ಟ್ರೇ ಇಟ್ಟು ಒಳಗೆ ತಳ್ಳುತ್ತಿದ್ದ, ಇನ್ನೊಂದು ಕೊಕ್ಕೆಯಿಂದ ಹಿಂದಿನದನ್ನು ಮುಂದಕ್ಕೆ ಎಳೆಯುತ್ತಿದ್ದ. ಗಡಿಯಾರ ಯಾರೂ ನೋಡುತ್ತಿರಲಿಲ್ಲ. ವಾಸನೆ ಮೇಲೆಯೇ ಅವರ ಲೆಕ್ಕ. ಏಲಕ್ಕಿ ಘಮ ಹೊರಗೆ ರಸ್ತೆ ತನಕ ಬಂತು, ಚಾಚಾ ಚಾ ಕಪ್ ಕೆಳಗಿಟ್ಟು "ಹಾಂ, ತೆಗಿ" ಅಂದರು. ಅಪ್ಪ ಫೋನ್ ಮಾಡಿದರು. ಸ್ಪೀಕರ್ ಹಾಕಿದೆ. "ಕರೀ ಮಾಡಬ್ಯಾಡ್ರಿ ಚಾಚಾ" ಅಂದರು. "ಬಂತು ನೋಡ್ರಿ ಬೈಗುಳ" ಅಂತ ಚಾಚಾ ಎಲ್ಲರಿಗೂ ಕೇಳುವ ಹಾಗೆ ನಕ್ಕರು. ಬಿಸಿ ಇರುವಾಗ ಡಬ್ಬಿಗೆ ಹಾಕಬಾರದು, ಉಗಿಗೆ ಮೆತ್ತಗಾಗುತ್ತವೆ. ಟ್ರೇಗಳ ಮೇಲೆ ಪೇಪರ್ ಹೊದಿಸಿ, ತೆರೆದೇ ಇಟ್ಟುಕೊಂಡು ಬಂದೆವು. ಆಟೋದವನಿಗೂ ಮೂರು ಕೊಟ್ಟೆವು, ಕೊಡದೆ ಇರೋಕೆ ಆಗುತ್ತಿರಲಿಲ್ಲ, ಆಟೋ ತುಂಬ ಅದೇ ವಾಸನೆ.

ಇನ್ನೊಂದು ಮೊಸರಿನ ಕೇಕು ಬಾಕಿ ಇತ್ತು. ಒಣದ್ರಾಕ್ಷಿ, ಖರ್ಜೂರ, ಗೋಡಂಬಿ, ಕಿತ್ತಳೆ ಸಿಪ್ಪೆಯ ತುರಿ ಇವನ್ನೆಲ್ಲ ಹೆಂಡತಿ ದ್ರಾಕ್ಷಿ ರಸದಲ್ಲಿ ನೆನೆಹಾಕಿ ಗಾಜಿನ ಭರಣಿಯಲ್ಲಿ ಫ್ರಿಜ್ಜಿನಲ್ಲಿ ಇಟ್ಟಿದ್ದಳು. ರಮ್ ಹಾಕಿದರೆ ರುಚಿ ಬೇರೆ, ಹೊರಗಿಟ್ಟರೂ ಕೆಡುವುದಿಲ್ಲ, ಗೊತ್ತು. ಆದರೆ ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ, ಎದುರು ಮನೆಯವರಿಗೂ ಕೊಡಬೇಕಲ್ಲ. ಸಕ್ಕರೆ ಸುಡುವ ಕೆಲಸ ಮಾತ್ರ ಎದೆ ಬಡಿದುಕೊಳ್ಳುವಂಥದ್ದು. ಸಕ್ಕರೆ ಕರಗಿ, ಹಳದಿಯಾಗಿ, ಕಂದಾಗಿ, ಹೊಗೆ ಏಳುವ ಒಂದು ಗಳಿಗೆ ಬರುತ್ತದೆ. ಅಲ್ಲಿ ಬಿಸಿ ನೀರು ಹಾಕಬೇಕು, ದೂರ ನಿಂತು. ತಣ್ಣೀರು ಹಾಕಿದರೆ ಮುಖಕ್ಕೇ ಸಿಡಿಯುತ್ತದೆ. ಹೊಗೆ ಶುರುವಾದ ಕೂಡಲೇ ಅವ್ವ ಅಪ್ಪನನ್ನು ಹಿತ್ತಲಿಗೆ ಕಳಿಸಿ ಬಾಗಿಲು ಹಾಕಿದರು.

ಕೇಕು ಬೆಂದದ್ದು ಕುಕ್ಕರಿನಲ್ಲಿ. ತಳಕ್ಕೆ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ರಬ್ಬರ್ ತೆಗೆದು, ಸೀಟಿ ತೆಗೆದು, ಹತ್ತು ನಿಮಿಷ ಕಾಯಿಸಿ, ಆಮೇಲೆ ಡಬ್ಬಿ ಇಳಿಸಿ, ಸಣ್ಣ ಉರಿಯಲ್ಲಿ ಒಂದು ತಾಸಿನ ಹತ್ತಿರ. ಇದಕ್ಕೆ ತತ್ತಿ ಬದಲು ಮೊಸರು, ಸೋಡಾ. ಅದು ಬೆಂದು, ಆರಿ, ಮೇಲೆ ಚೆರ್ರಿ ಒತ್ತಿ ಗುರುತು ಮಾಡಿ, ಓಣಿಯ ಡಬ್ಬಿಗಳ ಜೊತೆ ಮೇಲಿನ ಕಟ್ಟೆಗೆ ಹೋಯಿತು. ಅವ್ವ ಕಡಾಯಿ ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು: "ಹೂಂ, ಈಗ ತತ್ತಿ ತಗೊಂಬಾ."

23ರ ಸಂಜೆ ಅದು. ಹೋಗಿ ಡಜನ್ ತತ್ತಿ ತಂದೆ. ನಮ್ಮ ಕೇಕು, ಹೆಂಡತಿಯ ಊರಿನ ತತ್ತಿ ಹಾಕಿದ ಅಚ್ಚಪ್ಪ ಆ ರಾತ್ರಿ ಆದವು.

24ಕ್ಕೆ ತಾಟುಗಳು ಹೊರಟವು. ಇದರಲ್ಲೂ ಲೆಕ್ಕ ಇದೆ, 25ಕ್ಕೆ ಮನೆಯಲ್ಲಿ ಮಟನ್ ಬೇಯುತ್ತದೆ, ಆಮೇಲೆ ಕೊಡುವುದು ಸರಿ ಕಾಣುವುದಿಲ್ಲ. ಕಾಕು ಅವರ ತಾಟು ದೊಡ್ಡದು, ಅದನ್ನು ತುಂಬಿಸುವುದೇ ಒಂದು ಹಬ್ಬ. ಕೆಳಗೆ ಕರ್ಚಿಕಾಯಿ, ಸುತ್ತ ಚಕ್ಕುಲಿ, ಒಂದು ಕಡೆ ಚೂಡಾ, ಒಂದು ಕಡೆ ನಾನ್‌ಖಟಾಯಿ, ಚೆರ್ರಿ ಇದ್ದ ಕೇಕಿನ ತುಂಡು, ಎಲ್ಲದರ ಮೇಲೆ ಅಚ್ಚಪ್ಪದ ಹೂವು. ಅಪ್ಪ ತಾವೇ ಕೊಡುತ್ತೇನೆ ಅಂದರು. ಭಾರ ಎತ್ತಬಾರದಲ್ಲ, ತಾಟು ಮಗಳ ಕೈಯಲ್ಲಿ, ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಅವಳ ಹೆಗಲು ಹಿಡಿದು ಹೊರಟರು. ಕಾಕು ಕಂಪೌಂಡಿನಲ್ಲೇ ಸಿಕ್ಕರು. "ಏನ್ರಿ ಅಣ್ಣಾರ, ಸಿನಿಮಾ ಹೀರೋ ಆಗೀರಲ್ಲ" ಅಂದರು.

ರಾತ್ರಿ ಹಾಡಿನ ತಂಡದ ಹುಡುಗರು ಬಂದರು. ಪ್ರತಿ ವರ್ಷ ನಮ್ಮ ಮನೆಯಲ್ಲಿ ಒಂದು ತಾಸು ಕುಳಿತು ಹೋಗುವವರು, ಈ ಸಲ ಬಾಗಿಲಲ್ಲೇ ಎರಡು ಹಾಡು ಹಾಡಿ, ಸಭಾಪಾಲಕರು ಪ್ರಾರ್ಥನೆ ಮಾಡಿ, ಚಾ ಕುಡಿದು ಹೋದರು. ಬಿಸಿ ಚಾ, ಚಕ್ಕುಲಿ ಸಾಕಷ್ಟು ಹೋಯಿತು.

25 ಗುರುವಾರ. ಬೆಳಿಗ್ಗೆ ಆರಾಧನೆಗೆ ಹೋಗಿ ಹಿಂದಿನ ಸಾಲಿನಲ್ಲಿ, ಫ್ಯಾನ್ ಇಲ್ಲದ ಕಡೆ ಕುಳಿತೆವು. ಕೈ ಕುಲುಕುವವರಿಗೆಲ್ಲ ಅಪ್ಪ ಕೈ ಜೋಡಿಸಿ ನಮಸ್ಕಾರ ಮಾಡಿದರು. ಮನೆಗೆ ಬಂದು ಮಟನ್ ಪಲಾವ್, ಮೊಸರು ಬಜ್ಜಿ. ಮಟನ್ ಸಾರಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದು, ಬಣ್ಣ ನೋಡಿದರೆ ಹೆದರಿಕೆ, ಖಾರ ಅಷ್ಟಿಲ್ಲ. ಊಟ ಆದ ಮೇಲೆ ಎಲ್ಲರೂ ಮಲಗಿಬಿಟ್ಟೆವು. ಕ್ರಿಸ್ಮಸ್ ದಿನ ಮಧ್ಯಾಹ್ನ ಮಲಗಿದ್ದು ನನಗೆ ನೆನಪಿರುವ ಹಾಗೆ ಇದೇ ಮೊದಲು. ಪ್ರತಿ ವರ್ಷ ಆ ಹೊತ್ತಿಗೆ ಪಾತ್ರೆ ತೊಳೆಯುವ ಗದ್ದಲ, ಮಕ್ಕಳ ಜಗಳ, ಬೆಟಗೇರಿಗೆ ವಾಪಸ್ ಹೋಗುವವರ ಗಡಿಬಿಡಿ. ನಿಜ ಹೇಳಬೇಕಂದರೆ ನನಗೆ ಇದೇ ಹಿಡಿಸಿತು. ಅವ್ವನಿಗೆ ಹಿಡಿಸಲಿಲ್ಲ, ಸಂಜೆ ತನಕ ಎರಡು ಸಲ ಅತ್ತಿಯವರಿಗೆ ವಿಡಿಯೋ ಕಾಲ್ ಮಾಡಿ ಡಬ್ಬಿಗಳನ್ನು ತೋರಿಸಿದರು.

ಸಂಜೆ ಹಿತ್ತಲ ಬಾಗಿಲು ಯಾರೋ ತಟ್ಟಿದರು. ನೋಡಿದರೆ ಕಾಕು ಅವರ ಮೊಮ್ಮಗ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ರಜೆಗೆ ಬಂದಿದ್ದ. ಆ ಕಡೆ ಈ ಕಡೆ ನೋಡಿ, ದನಿ ಇಳಿಸಿ ಕೇಳಿದ.

"ಅಂಕಲ್, ತತ್ತಿ ಹಾಕಿದ್ದು ಕೇಕ್ ಇರತೈತಲ್ರಿ, ನಿಮ್ಮ ಮನಿಯಾಗ ಅದು ಉಳದೈತೇನ್ರಿ?"

ನಾನು ಏನು ಹೇಳಬೇಕು ಅಂತ ಯೋಚಿಸುತ್ತಿದ್ದೆ, ಅಪ್ಪ ಒಳಗಿನಿಂದಲೇ "ಕೊಡೋ ಅವಗ, ಇಲ್ಲೇ ಕುಂತು ತಿಂದು ಹೋಗಲಿ" ಅಂದರು. ಅಡುಗೆ ಮನೆಯಲ್ಲಿ ಕುಳಿತು ಎರಡು ತುಂಡು ತಿಂದ. ಮೂರನೇದು ಬೇಕಾ ಅಂದರೆ ಬೇಡ ಅನ್ನಲಿಲ್ಲ. ಬಾಯಿ ಒರೆಸಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಗೋಡೆ ಆಚೆಯಿಂದ ಕಾಕು ಅವ್ವನನ್ನು ಕೂಗಿದರು. "ಅಕ್ಕಾರ, ಅಂವಾ ನಿಮ್ಮ ಕಡೆ ತತ್ತಿ ಕೇಕ್ ತಿಂದು ಬಂದಾನೇನು?"

ಅವ್ವ ನನ್ನ ಮುಖ ನೋಡಿದರು. ನಾನು ಫ್ರಿಜ್ ಕಡೆ ನೋಡಿದೆ.

"ತಿನ್ನಲಿ ಬಿಡ್ರಿ, ಹುಡುಗೂರು" ಅಂದರು ಕಾಕು. "ಆದರ ನಮ್ಮ ತಾಟಿನ್ಯಾಗ ಮಾತ್ರ ಹಾಕಿ ಕೊಟ್ಟಿಲ್ಲ ಹೌದಿಲ್ಲೋ?"